ನಮ್ಮ ಸೀಮೆಯ ನೀರಿನ ಗುಣಾವಗುಣ

ಸೊಸೆಯಾಗಿ ಹೊಸ ಊರಿಗೆ ಹೋದ ಹೆಣ್ಣುಮಗಳಿಗೆ ಆ ಮನೆಯವರ ಸ್ವಭಾವವು ತಿಳಿಯಬೇಕಾದರೆ ತಿಂಗಳುಗಳೇ ಬೇಕಾಗುವವು. ಆ ಊರ ನೀರಿನ ಸ್ವಭಾವವು ಮಾತ್ರ ಮೊದಲನೆಯ ದಿವಸವೇ ತಿಳಿದುಬರುವದು. ತವರಿನಲ್ಲಿ ಅರ್ಧ ತಾಸಿಗೆ ಬೆಣ್ಣೆಯಂತೆ ಕರಗುತ್ತಿದ್ದ ತೊಗರಿಬೇಳೆಯು ಇಲ್ಲಿ ಎರಡು ತಾಸು ಕುದಿದರೂ ಕಾಳುಕಾಳಾಗಿಯೇ ನಿಂತಿರುವದು. ತಲೆಗೆ ಹಚ್ಚಿದ ಸಬಕಾರವು ನೊರೆಯಾಗದೆ ಕೂದಲಿಗೆ ಅಂಟುವದು. ತಿಕ್ಕಿ ತೊಳೆದ ಹಿತ್ತಾಳೆಯ ಚರಿಗೆಯ ಮೇಲೆ ನೀರು ಆರಿದಲ್ಲೆಲ್ಲ ಬಿಳಿಯ ಕಲೆ ಮೂಡುವದು. ಬೇಳೆ ಬೇಯದಿದ್ದುದಕ್ಕೆ ಸೊಸೆಯ ಕೈಗುಣವನ್ನು ಹಳಿಯುವ ಅತ್ತೆಯರು ಹಿಂದೆ ಇದ್ದರು. ಈಗ ಇಲ್ಲವೆಂದು ನಾವು ಖಂಡಿತವಾಗಿ ಹೇಳಲಾರೆವು. ಆದರೆ ತಪ್ಪು ಕೈಯದಲ್ಲ, ಒಲೆಯದೂ ಅಲ್ಲ. ಆ ನೀರು ಯಾವ ಕಲ್ಲಿನ ಸಂದಿಯಲ್ಲಿ ಬಹುಕಾಲ ನಿಂತು ಬಂದಿದೆಯೋ ಆ ಕಲ್ಲಿನದು.

ಹತ್ತರಗಿಯ ಸುತ್ತಲಿನ ಹುಕ್ಕೇರಿ, ಗೋಕಾಕ, ಮೂಡಲಗಿ ಸೀಮೆಯ ನೀರನ್ನೇ ಉದಾಹರಣೆಗಾಗಿ ಎತ್ತಿಕೊಂಡು ನೀರಿನ ಗುಣಾವಗುಣಗಳನ್ನು ಇಲ್ಲಿ ವಿವರಿಸಬೇಕೆಂದು ಯೋಚಿಸಿದ್ದೇವೆ. ನಮ್ಮ ಹೆಂಗಸರು ನೀರನ್ನು ಪರೀಕ್ಷಿಸಲು ಬೇಳೆ, ಸಬಕಾರ, ನಾಲಿಗೆ ಎಂಬ ಮೂರು ಸಾಧನಗಳನ್ನು ತಲೆತಲಾಂತರದಿಂದ ಬಳಸುತ್ತ ಬಂದಿದ್ದಾರೆ. ಈ ಮೂರೂ ನಿಜವನ್ನೇ ನುಡಿಯುತ್ತವೆ. ಆದರೆ ಪೂರ್ಣ ನಿಜವನ್ನು ನುಡಿಯುವದಿಲ್ಲ. ಎಲ್ಲಿಯವರೆಗೆ ಅವುಗಳನ್ನು ನಂಬಬೇಕು, ಎಲ್ಲಿಂದ ಮುಂದೆ ನಂಬಬಾರದು ಎಂಬದೇ ಈ ಲೇಖನದ ವಿಷಯವು.

ಆಕಾಶದಿಂದ ಬೀಳುವ ಮಳೆಯ ನೀರಿನಲ್ಲಿ ಲವಣಾಂಶವು ಅತ್ಯಲ್ಪವಾಗಿರುವದು. ಆದರೂ ಅದು ಬರಿಯ ನೀರಲ್ಲ. ಬೀಳುತ್ತ ಬರುವಾಗ ಗಾಳಿಯಲ್ಲಿರುವ ಅಂಗಾರಾಮ್ಲ ವಾಯುವನ್ನು, ಎಂದರೆ ಈಗಿನ ಪಾಠಪುಸ್ತಕಗಳಲ್ಲಿ ಇಂಗಾಲದ ಡೈಆಕ್ಸೈಡ್ ಎಂದು ಬರೆಯುವ ವಾಯುವನ್ನು, ಕಿಂಚಿತ್ತು ಕರಗಿಸಿಕೊಂಡು ತುಸು ಹುಳಿಯಾಗಿರುವದು. ನೆಲಕ್ಕೆ ಇಳಿದ ಮೇಲೆ ಈ ಹುಳಿಯು ಬಹಳ ಹೆಚ್ಚುವದು. ಏಕೆಂದರೆ ಬೇರುಗಳೂ ಮಣ್ಣಿನೊಳಗಿನ ಅಸಂಖ್ಯ ಸೂಕ್ಷ್ಮಜೀವಿಗಳೂ ಉಸಿರಾಡುವದರಿಂದ ಮಣ್ಣಿನ ಗಾಳಿಯಲ್ಲಿ ಈ ವಾಯುವು ಹೊರಗಿನ ಗಾಳಿಯಲ್ಲಿರುವದಕ್ಕಿಂತ ಹತ್ತಾರು ಪಟ್ಟು ಅಧಿಕವಾಗಿರುವದು. ಈ ನಸುಹುಳಿಯ ನೀರೇ ಕಲ್ಲನ್ನು ಕರಗಿಸುವ ಶಕ್ತಿಯುಳ್ಳದ್ದು. ಶುದ್ಧವಾದ ನೀರಿನ ಒಂದು ಲೀಟರಿನಲ್ಲಿ ಸುಣ್ಣಕಲ್ಲು ಸುಮಾರು 14 ಮಿಲಿಗ್ರಾಮಿನಷ್ಟು ಮಾತ್ರ ಕರಗುವದು. ಮಣ್ಣಿನ ವಾಯುವನ್ನು ಹೀರಿದ ನೀರಿನಲ್ಲಿ ನೂರಾರು ಮಿಲಿಗ್ರಾಂ ಕರಗುವದು. ಲಂಡನ್ನಿನ ಒಂದು ಬೀದಿಯ ಪಂಪಿನ ನೀರನ್ನು ಪರೀಕ್ಷಿಸಿ ಅದರಲ್ಲಿದ್ದ ಸುಣ್ಣವನ್ನು ಹಿಡಿದಿಟ್ಟದ್ದು ಈ ವಾಯುವೇ ಎಂದು ಹೆನ್ರಿ ಕ್ಯಾವೆಂಡಿಶ್ ಎಂಬ ರಸಾಯನಶಾಸ್ತ್ರಜ್ಞನು 1767ರಲ್ಲಿಯೇ ತೋರಿಸಿಕೊಟ್ಟನು. ನೀರನ್ನು ಕಾಯಿಸಿದಾಗ ವಾಯುವು ಹಾರಿಹೋಗುವದು. ಹಿಡಿದವನು ಹೋದ ಮೇಲೆ ಸುಣ್ಣವು ನೀರಿನಲ್ಲಿ ನಿಲ್ಲಲಾರದೆ ತಳಕ್ಕೆ ಇಳಿಯುವದು. ಬಚ್ಚಲಿನ ಹಂಡೆಯ ಒಳಮೈಗೆ ವರ್ಷವರ್ಷಕ್ಕೆ ದಪ್ಪವಾಗುತ್ತ ಹೋಗುವ ಬಿಳಿಯ ಪದರು ಇದೇ. ಅದಕ್ಕೆ ಒಂದು ಹನಿ ನಿಂಬೆರಸವನ್ನು ಬಿಟ್ಟರೆ ಬುರುಬುರು ಗುಳ್ಳೆ ಏಳುವವು. ಹೊರಬರುತ್ತಿರುವದು ಆ ಅಂಗಾರಾಮ್ಲ ವಾಯುವೇ.

ಇನ್ನು ನಮ್ಮ ಸೀಮೆಯ ಕಲ್ಲುಗಳನ್ನು ನೋಡೋಣ. ಭೂಗರ್ಭ ಸಮೀಕ್ಷೆಯ ರಾಬರ್ಟ್ ಬ್ರೂಸ್ ಫೂಟ್ ಎಂಬವರು ಈ ಪ್ರದೇಶವನ್ನೆಲ್ಲ ಸುತ್ತಾಡಿ 1876ರಲ್ಲಿ ದಕ್ಷಿಣ ಮಹಾರಾಷ್ಟ್ರ ಪ್ರಾಂತದ ಭೂರಚನೆಯನ್ನು ಕುರಿತು ದೊಡ್ಡದೊಂದು ಗ್ರಂಥವನ್ನು ಪ್ರಕಟಿಸಿದರು. ಸ್ಥೂಲವಾಗಿ ಹೇಳುವದಾದರೆ ಇಲ್ಲಿ ಎರಡು ಬಗೆಯ ಕಲ್ಲುಗಳು ಒಂದನ್ನೊಂದು ಸಂಧಿಸುತ್ತವೆ. ಸಂಕೇಶ್ವರ, ಹುಕ್ಕೇರಿಗಳ ಕಡೆಗೆ ಕರಿಕಲ್ಲು, ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿಯ ಒಡಲಿನಿಂದ ಉಕ್ಕಿ ಹರಿದು ದಖ್ಖನ್ನಿನ ಬಹುಭಾಗವನ್ನು ಮುಚ್ಚಿದ ಲಾವಾರಸವು ಆರಿ ಆದದ್ದು. ಗೋಕಾಕದ ಕಡೆಗೆ ಅದಕ್ಕಿಂತ ಎಷ್ಟೋ ಪ್ರಾಚೀನವಾದ ಮರಳುಗಲ್ಲು. ಘಟಪ್ರಭೆಯು ಸುಮಾರು 52 ಮೀಟರು ಕೆಳಗೆ ಧುಮುಕುವ ಗೋಕಾಕ ಜಲಪಾತದ ಕಡಿದಾದ ಬಂಡೆಯು ಈ ಕಲ್ಲಿನದೇ. ಫೂಟರು ಕಲಾದಗಿಯ ಹೆಸರನ್ನಿಟ್ಟು ಕರೆದ ಶಿಲಾಸಮೂಹಕ್ಕೆ ಇದು ಸೇರಿದ್ದು.

ಈ ಎರಡು ಕಲ್ಲುಗಳ ನೀರು ಒಂದೇ ಆಗಿರಲಾರದು. ಮರಳುಗಲ್ಲೆಂದರೆ ಬಹುಮಟ್ಟಿಗೆ ಸಿಲಿಕವು. ಮಳೆಯ ನಸುಹುಳಿಯು ಅದನ್ನು ಏನೂ ಮಾಡಲಾರದು. ಆದುದರಿಂದ ಅಚ್ಚ ಮರಳುಗಲ್ಲಿನ ಸಂದಿಯಿಂದ ಒಸರುವ ಒರತೆಯ ನೀರು ಸಾಮಾನ್ಯವಾಗಿ ಮೆದುವಾಗಿರುವದು. ಕರಿಕಲ್ಲಿನಲ್ಲಾದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಂಬ ಲೋಹಗಳನ್ನುಳ್ಳ ಖನಿಜಗಳು ತುಂಬಿವೆ. ಲಾವಾರಸವು ಆರುವಾಗ ಉಳಿದ ಗುಳ್ಳೆಗಳಲ್ಲಿ ಆಮೇಲೆ ಸುಣ್ಣದ ಹರಳುಗಳೂ ಬೆಳೆದಿರುವದುಂಟು. ಬಾವಿ ತೋಡುವಾಗ ಕರಿಯ ಕಲ್ಲಿನಲ್ಲಿ ಬಿಳಿಯ ಚುಕ್ಕೆಗಳನ್ನು ಕಂಡವರಿಗೆ ಇದು ಗೊತ್ತು. ಅದೇ ಕಲ್ಲು ಸವೆದು ಆದ ಎರೆ ಮಣ್ಣಿನಲ್ಲಿಯೂ ಬಿಳಿಯ ಸುಣ್ಣದ ಗಂಟುಗಳಿರುವವು. ಹಿಂದಿನವರು ಇವನ್ನೇ ಆಯ್ದು ಸುಟ್ಟು ಗೋಡೆಗೆ ಸುಣ್ಣ ಮಾಡುತ್ತಿದ್ದರು. ಇಂಥ ಮಣ್ಣಿನ ಮೂಲಕ ಇಳಿದು ಇಂಥ ಕಲ್ಲಿನಲ್ಲಿ ನಿಂತ ನೀರು ಗಡಸಾಗದೆ ಮತ್ತೇನಾದೀತು? ಪೂರ್ವಕ್ಕೆ ಲೋಕಾಪುರ, ಬಾಗಲಕೋಟೆಗಳ ಕಡೆಗೆ ಹೋದರೆ ಸುಣ್ಣಕಲ್ಲೇ ಹಾಸಿಕೊಂಡಿದೆ. ಅಲ್ಲಿಗೆ ಸೊಸೆಯಾಗಿ ಹೋದ ನಮ್ಮ ವಿದ್ಯಾರ್ಥಿನಿಯರಿಗೆ ಹೆಚ್ಚಿಗೆ ಹೇಳಬೇಕಾದುದಿಲ್ಲ. ಘಟಪ್ರಭೆಯ ಹೊಳೆಯ ನೀರಾದರೋ ಸಹ್ಯಾದ್ರಿಯ ಮಳೆಯಿಂದ ಬಂದುದಾದ ಕಾರಣ, ಮಳೆಗಾಲದಲ್ಲಿ ಎಷ್ಟೇ ಕೆಂಪಾಗಿ ಕಂಡರೂ, ಕೊಳವೆಬಾವಿಯ ತಿಳಿನೀರಿಗಿಂತ ಮೆದುವಾದದ್ದು. ರಾಡಿಯು ಬೇರೆ, ಗಡಸುತನವು ಬೇರೆ. ರಾಡಿಯು ನಿಂತರೆ ಇಳಿಯುವದು, ಕರಗಿದ ಲವಣವು ಹಾಗೆ ಇಳಿಯುವದಿಲ್ಲ.

ಬೇಳೆಯು ಏಕೆ ಬೇಯುವದಿಲ್ಲ ಎಂಬದನ್ನು ಈಗ ಹೇಳಬಹುದು. ಬೇಳೆಯ ಕಣಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವದು ಪೆಕ್ಟಿನ್ ಎಂಬ ಪದಾರ್ಥವು. ಮೆದು ನೀರಿನಲ್ಲಿ ಕುದಿಸಿದಾಗ ಅದು ಕರಗಿ ಬೇಳೆಯು ಬಿಚ್ಚಿಕೊಳ್ಳುವದು. ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಅದನ್ನು ಸೇರಿ, ಗೋಡೆಯ ಕಲ್ಲುಗಳ ನಡುವೆ ಗಾರೆಯನ್ನು ತುಂಬಿದಂತೆ, ಬಿಗಿದುಬಿಡುವದು. ಹುಳಿಯೂ ಪೆಕ್ಟಿನ್ನನ್ನು ಕರಗಗೊಡುವದಿಲ್ಲ; ಬೇಳೆ ಬೆಂದ ಮೇಲೆಯೇ ಹುಣಸೆಯ ರಸವನ್ನು ಹಾಕಬೇಕೆಂದು ಹಿರಿಯರು ಹೇಳುತ್ತಿದ್ದುದು ಇದಕ್ಕಾಗಿಯೇ. ಸಬಕಾರದ ಕಥೆಯೂ ಇದೇ ಬಗೆಯದು. ನೀರಿನಲ್ಲಿಯ ಕ್ಯಾಲ್ಸಿಯಮ್ಮು ಸಬಕಾರವನ್ನು ಹಿಡಿದು ಕರಗದ ಜಿಗಟು ಪದಾರ್ಥವನ್ನಾಗಿ ಮಾಡುವದು. ಈ ಕ್ಯಾಲ್ಸಿಯಮ್ಮೆಲ್ಲ ಮುಗಿಯುವವರೆಗೆ ಹಚ್ಚಿದ ಸಬಕಾರವೆಲ್ಲ ದಂಡವು. ಈಗಿನ ಬಟ್ಟೆ ಒಗೆಯುವ ಪುಡಿಗಳಿಗೆ ಇದರ ಬಾಧೆಯು ಕಡಿಮೆ.

ಇದಕ್ಕೆ ಉಪಾಯವಿಲ್ಲದಿಲ್ಲ. ನೀರನ್ನು ಮೊದಲು ಹತ್ತು ನಿಮಿಷ ಕುದಿಸಿ, ಆರಿಸಿ, ಮೇಲಿನ ತಿಳಿಯನ್ನು ಬಸಿದುಕೊಂಡು ಅದರಲ್ಲಿ ಬೇಳೆಯನ್ನು ಹಾಕಿದರೆ, ವಾಯುವು ಹಿಡಿದಿಟ್ಟ ಸುಣ್ಣದ ಭಾಗವು ತೊಲಗಿರುವದು. ಗಂಧಕಾಮ್ಲ, ಲವಣಾಮ್ಲಗಳೊಡನೆ ಕೂಡಿದ ಸುಣ್ಣವು ಮಾತ್ರ ಕುದಿಸಿದರೂ ಹೋಗದು. ಅದಕ್ಕೆ ಚಿಟಿಕೆ ಅಡಿಗೆಯ ಸೋಡಾ ಹಾಕುವ ರೂಢಿಯುಂಟು. ಅದು ಸುಣ್ಣವನ್ನೂ ಇಳಿಸುವದು, ಪೆಕ್ಟಿನ್ನನ್ನೂ ಸಡಿಲಿಸುವದು. ಚಿಟಿಕೆಯು ಚಮಚವಾಗಬಾರದು; ಸೋಡಾ ಹೆಚ್ಚಾದರೆ ಬೇಳೆಯೊಳಗಿನ ಬಿ ಜೀವಸತ್ವದ ಒಂದಂಶವು ನಾಶವಾಗುವದು. ಊರಿಗೆಲ್ಲ ನೀರೊದಗಿಸುವವರಿಗಾಗಿ ಥಾಮಸ್ ಕ್ಲಾರ್ಕ್ ಎಂಬ ಪ್ರಾಧ್ಯಾಪಕನು 1841ರಲ್ಲಿ ಇನ್ನೊಂದು ವಿಧಾನಕ್ಕೆ ಹಕ್ಕುಪತ್ರವನ್ನು ಪಡೆದನು. ಸುಣ್ಣದ ನೀರಿಗೆ ಲೆಕ್ಕ ಹಾಕಿ ಮತ್ತಷ್ಟು ಸುಟ್ಟ ಸುಣ್ಣವನ್ನೇ ಬೆರೆಸುವದು! ಹೊಸ ಸುಣ್ಣವು ಆ ವಾಯುವನ್ನು ಹೀರಿಕೊಳ್ಳಲು, ಹಳೆಯದೂ ಹೊಸದೂ ಕೂಡಿಯೇ ತಳಕ್ಕೆ ಇಳಿಯುವವು.

ಗಡಸು ನೀರು ಮೈಗೆ ಕೆಟ್ಟದ್ದೆಂಬ ಭೀತಿಯು ನಮ್ಮ ಜನರಲ್ಲಿ ಬಹಳ. ನಮ್ಮ ಅಭಿಪ್ರಾಯದಲ್ಲಿ ಇದು ಅತಿಯಾದದ್ದು. ಕ್ಯಾಲ್ಸಿಯಮ್ಮೂ ಮೆಗ್ನೀಸಿಯಮ್ಮೂ ಎಲುಬಿಗೂ ಮಾಂಸಕ್ಕೂ ಬೇಕಾದ ಪದಾರ್ಥಗಳೇ. ಭಾರತೀಯ ಮಾನಕ ಸಂಸ್ಥೆಯು 2012ರಲ್ಲಿ ಪ್ರಕಟಿಸಿದ ಕುಡಿಯುವ ನೀರಿನ ಮಾನಕದಲ್ಲಿ ಒಂದು ಲೀಟರಿಗೆ 200 ಮಿಲಿಗ್ರಾಂ ಗಡಸುತನವನ್ನು ಒಪ್ಪತಕ್ಕದ್ದೆಂದೂ, ಬೇರೆ ನೀರು ದೊರೆಯದಲ್ಲಿ 600ರವರೆಗೆ ಸಹಿಸಬಹುದೆಂದೂ ಹೇಳಿದೆ. ಹೀಗೆ ಎರಡು ಗೆರೆಗಳನ್ನು ಎಳೆದಿರುವದರಿಂದಲೇ ಇದು ಹೆಚ್ಚಾಗಿ ಅನಾನುಕೂಲದ ಮಾತೆಂದು ತಿಳಿಯಬಹುದು.

ನಾಲಿಗೆಯ ಪರೀಕ್ಷೆಗೆ ಬರೋಣ. ನಾಲಿಗೆಯು ಉಪ್ಪನ್ನು ಬಲ್ಲದು. ಸವಳು ನೀರು ಯಾವುದೆಂದು ಯಾರೂ ನಮಗೆ ಹೇಳಿಕೊಡಬೇಕಾದುದಿಲ್ಲ. ಈ ಸವಳಿನ ದೊಡ್ಡ ಪಾಠವನ್ನು ಕಲಿಯಬೇಕಾದರೆ ಮೂಡಲಗಿಯ ಕಡೆಯ ಕಾಲುವೆಯ ಕೆಳಗಿನ ಎರೆ ಹೊಲಗಳಿಗೆ ಹೋಗಬೇಕು. ಘಟಪ್ರಭೆಗೆ ಧೂಪದಾಳದಲ್ಲಿ ಬ್ರಿಟಿಷರ ಕಾಲದಲ್ಲಿಯೇ ಒಡ್ಡು ಬಿದ್ದಿತು. 1970ರ ದಶಕದಲ್ಲಿ ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ 51 ಟಿ.ಎಂ.ಸಿ. ನೀರು ಹಿಡಿಯುವ ದೊಡ್ಡ ಆಣೆಕಟ್ಟು ಪೂರ್ಣವಾಯಿತು. ಕಾಲುವೆಯ ನೀರು ಬಂದಲ್ಲೆಲ್ಲ ಕಬ್ಬು ಬಂದಿತು, ಹಣವೂ ಬಂದಿತು. ಆದರೆ ಒಂದು ಲೆಕ್ಕವನ್ನು ಹಾಕಿ ನೋಡಿರಿ. ಲೀಟರಿಗೆ 200 ಮಿಲಿಗ್ರಾಂ ಮಾತ್ರ ಲವಣವುಳ್ಳ ಒಳ್ಳೆಯ ನೀರನ್ನೇ ಒಂದು ಎಕರೆಗೆ ವರ್ಷಕ್ಕೆ ಒಂದು ಮೀಟರು ಆಳದಷ್ಟು ಹಾಯಿಸಿದೆವೆನ್ನಿ. ಆ ನೀರು ಸುಮಾರು 40 ಲಕ್ಷ ಲೀಟರು. ಅದರೊಡನೆ ಬಂದ ಲವಣವು ಸುಮಾರು 8 ಕ್ವಿಂಟಲು. ಕಬ್ಬು ನೀರನ್ನು ಕುಡಿದು ಎಲೆಯಿಂದ ಹಬೆಯಾಗಿ ಬಿಡುವದು; ಲವಣದ ಬಹುಭಾಗವನ್ನು ಮುಟ್ಟುವದಿಲ್ಲ. ಬಸಿದುಹೋಗಲು ದಾರಿಯಿದ್ದರೆ ಅದು ಹೋಗುವದು. ಎರೆ ಮಣ್ಣು ನೀರನ್ನು ಸುಲಭವಾಗಿ ಬಸಿಯಗೊಡದು. ವರ್ಷವರ್ಷಕ್ಕೆ ಅಂತರ್ಜಲವು ಮೇಲೇರಿ ನೆಲಮಟ್ಟದಿಂದ ನಾಲ್ಕಾರು ಅಡಿಗೆ ಬಂದಿತೆಂದರೆ, ದೀಪದ ಬತ್ತಿಯು ಎಣ್ಣೆಯನ್ನು ಎಳೆಯುವಂತೆ ಮಣ್ಣು ನೀರನ್ನು ಮೇಲಕ್ಕೆ ಎಳೆಯುವದು, ಬಿಸಿಲು ನೀರನ್ನು ಒಯ್ಯುವದು, ಉಪ್ಪು ಹೊಲದಲ್ಲಿ ಉಳಿಯುವದು. ಇದೇ ನಮ್ಮ ರೈತರು ನಿಟ್ಟುಸಿರಿನಿಂದ ಹೇಳುವ ಸವಳು-ಜವಳು.

ಇಲ್ಲೊಂದು ವಿಚಿತ್ರವಿದೆ. ನೀರು ಬತ್ತುತ್ತ ಹೋದಂತೆ ಮೊದಲು ಕೆಳಗಿಳಿಯುವದು ಸುಣ್ಣವು. ಸೋಡಿಯಂ ನೀರಿನಲ್ಲಿಯೇ ಉಳಿಯುವದು. ಸೋಡಿಯಂ ಹೆಚ್ಚಾದ ಎರೆ ಮಣ್ಣು ಉಬ್ಬಿ ಮೆತ್ತಿಕೊಂಡು ನೀರೂ ಗಾಳಿಯೂ ಒಳಹೋಗದಂತಾಗುವದು. ಅದಕ್ಕೆ ಮದ್ದೆಂದರೆ ಬಸಿಗಾಲುವೆಯನ್ನು ತೆಗೆದು ಜಿಪ್ಸಮ್ಮನ್ನು ಹಾಕುವದು. ಜಿಪ್ಸಮ್ಮಿನಲ್ಲಿರುವದು ಅದೇ ಕ್ಯಾಲ್ಸಿಯಂ. ಅದು ಸೋಡಿಯಮ್ಮನ್ನು ಮಣ್ಣಿನಿಂದ ಹೊರದೂಡುವದು. ಅಡಿಗೆಮನೆಯಲ್ಲಿ ನಾವು ಶಪಿಸಿದ ಪದಾರ್ಥವನ್ನೇ ಹೊಲದವರು ಹಣಕೊಟ್ಟು ತರುವರು.

ಇಲ್ಲಿಯವರೆಗೆ ಬೇಳೆ, ಸಬಕಾರ, ನಾಲಿಗೆಗಳ ಮಾತನ್ನು ನಂಬಿದೆವು. ಇನ್ನು ಮುಂದೆ ಅವು ಮೂಕವಾಗುವವು.

ಮೊದಲನೆಯದು ಫ್ಲೋರೈಡು. ನೆಲ್ಲೂರಿನ ಕಡೆಯ ಹಳ್ಳಿಗಳಲ್ಲಿ ಜನರ ಹಲ್ಲು ಕಂದಿ, ಬೆನ್ನೆಲುಬು ಬಿಗಿದು ಬಾಗಲಾರದಂತೆ ಆಗುತ್ತಿದ್ದುದಕ್ಕೆ ಕುಡಿಯುವ ನೀರಿನ ಫ್ಲೋರೈಡೇ ಕಾರಣವೆಂದು 1937ರಲ್ಲಿ ವೈದ್ಯರು ಪ್ರಕಟಿಸಿದರು. ನಮ್ಮ ರಾಜ್ಯದಲ್ಲಿ ಮುಂಡರಗಿ, ಪಾವಗಡಗಳ ಸೀಮೆಯು ಇದಕ್ಕಾಗಿ ಹೆಸರಾಗಿದೆ. ಗ್ರಾನೈಟು ಮೊದಲಾದ ಕಲ್ಲುಗಳಲ್ಲಿಯ ಖನಿಜಗಳಿಂದ ಇದು ನೀರಿಗೆ ಬರುವದು. ಕರಿಕಲ್ಲಿನ ಸೀಮೆಯಲ್ಲಿ ಸಾಮಾನ್ಯವಾಗಿ ಇದರ ಭಯವು ಕಡಿಮೆ. ಆದರೂ ನಮ್ಮ ಹುಡುಗಿಯರು ಎಲ್ಲ ಸೀಮೆಗಳಿಗೂ ಸೊಸೆಯರಾಗಿ ಹೋಗುತ್ತಾರಾದ್ದರಿಂದ ಒಂದು ಮಾತನ್ನು ತಿಳಿದಿರಬೇಕು. ಫ್ಲೋರೈಡಿಗೂ ಕ್ಯಾಲ್ಸಿಯಮ್ಮಿಗೂ ಕೂಡಿ ಬಾಳುವೆಯಾಗದು. ಎರಡೂ ಹೆಚ್ಚಾದರೆ ಸೇರಿಕೊಂಡು ಗಟ್ಟಿಯಾಗಿ ಬೇರ್ಪಡುವವು. ಆದುದರಿಂದ ಫ್ಲೋರೈಡು ಹೆಚ್ಚಾಗಿ ನಿಲ್ಲುವದು ಕ್ಯಾಲ್ಸಿಯಂ ಕಡಿಮೆಯಾದ, ಸೋಡಾದ ಗುಣವುಳ್ಳ ನೀರಿನಲ್ಲಿ. ಎಂದರೆ ಬೇಳೆ ಚೆನ್ನಾಗಿ ಬೇಯುವ, ಸಬಕಾರ ಚೆನ್ನಾಗಿ ನೊರೆಯಾಗುವ ಮೆದು ನೀರಿನಲ್ಲಿ! ಹಳ್ಳಿಯವರೆಲ್ಲ ಹೊಗಳುವ ಬೋರಿನ ನೀರೇ ಮಕ್ಕಳ ಹಲ್ಲನ್ನು ಕೆಡಿಸುತ್ತಿರಬಹುದು. ಲೀಟರಿಗೆ 1 ಮಿಲಿಗ್ರಾಂ ಇದರ ಮಿತಿಯು, ಗತ್ಯಂತರವಿಲ್ಲದಲ್ಲಿ 1.5.

ಎರಡನೆಯದು ನೈಟ್ರೇಟು. ಇದು ನಮ್ಮ ಸೀಮೆಯಲ್ಲಿ ಕಲ್ಲಿನಿಂದ ಬರುವದಲ್ಲ, ನಮ್ಮಿಂದಲೇ ಬರುವದು: ಬಾವಿಯ ಮಗ್ಗುಲಿನ ತಿಪ್ಪೆಯಿಂದ, ದನದ ಕೊಟ್ಟಿಗೆಯ ಗಂಜಲದಿಂದ, ಶೌಚದ ಗುಂಡಿಯಿಂದ, ಹೊಲಕ್ಕೆ ಎಸೆದ ಯೂರಿಯಾದಿಂದ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಲ್ಲಿಯೂ ತಿಳಿಯದು. ದೊಡ್ಡವರು ಬಹುಮಟ್ಟಿಗೆ ಇದನ್ನು ಸಹಿಸುವರು. ಆರು ತಿಂಗಳೊಳಗಿನ ಕೂಸಿನ ಹೊಟ್ಟೆಯಲ್ಲಿ ಮಾತ್ರ ಇದು ನೈಟ್ರೈಟಾಗಿ ಮಾರ್ಪಟ್ಟು, ರಕ್ತವು ಪ್ರಾಣವಾಯುವನ್ನು ಒಯ್ಯುವ ಶಕ್ತಿಯನ್ನು ಕುಂದಿಸುವದು. ಕೂಸಿನ ತುಟಿ ಉಗುರುಗಳು ನೀಲಿಯಾಗುವವು. ಅಮೇರಿಕದ ಅಯೋವಾ ಸಂಸ್ಥಾನದ ಹೊಲಮನೆಗಳಲ್ಲಿ ಬಾವಿಯ ನೀರಿನಿಂದ ಪುಡಿಹಾಲು ಕಲಸಿ ಕುಡಿಸಿದ ಕೂಸುಗಳು ಹೀಗೆ ನೀಲಿಯಾದುದನ್ನು ಹಂಟರ್ ಕಾಮ್ಲಿ ಎಂಬ ವೈದ್ಯನು 1945ರಲ್ಲಿ ಪ್ರಕಟಿಸಿದನು. ತಾಯಂದಿರು ಇದನ್ನು ವಿಶೇಷವಾಗಿ ಗಮನಿಸಬೇಕು: ನೀರನ್ನು ಕುದಿಸಿದರೆ ನೈಟ್ರೇಟು ಹೋಗುವದಿಲ್ಲ, ನೀರು ಅರ್ಧಕ್ಕೆ ಇಳಿದರೆ ನೈಟ್ರೇಟಿನ ಸಾಂದ್ರತೆಯು ಎರಡು ಪಟ್ಟಾಗುವದು. ಮಗುವಿನ ಮೇಲಿನ ಅಕ್ಕರೆಯಿಂದ ಹೆಚ್ಚು ಹೊತ್ತು ಕುದಿಸಿದಷ್ಟೂ ಕೆಡುಕೇ. ಎದೆಹಾಲು ಕುಡಿಯುವ ಕೂಸಿಗೆ ಈ ಅಪಾಯವು ತೀರ ಕಡಿಮೆ. ಇದರ ಮಿತಿಯು ಲೀಟರಿಗೆ 45 ಮಿಲಿಗ್ರಾಂ. ಮಾನಕದಲ್ಲಿ ಇದಕ್ಕೆ ಎರಡನೆಯ ಗೆರೆಯೇ ಇಲ್ಲ, ಸಡಿಲಿಕೆಯಿಲ್ಲ.

ಮೂರನೆಯದು ರೋಗಾಣುಗಳು. ಇದು ರಸಾಯನಶಾಸ್ತ್ರದ ಮಾತಲ್ಲವಾದರೂ ಬಿಡುವಂತಿಲ್ಲ. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟಿನಲ್ಲಿ ಕಾಲರಾ ಎದ್ದಾಗ ಜಾನ್ ಸ್ನೋ ಎಂಬ ವೈದ್ಯನು ಅಲ್ಲಿಯ ಒಂದು ಪಂಪಿನ ಮೇಲೆ ಸಂಶಯಪಟ್ಟನು. ಬಹುದೂರದ ಹ್ಯಾಂಪ್‌ಸ್ಟೆಡ್ಡಿನಲ್ಲಿ ಕಾಲರಾದ ಸುಳಿವೇ ಇಲ್ಲದ ಕಡೆ ಒಬ್ಬ ವಿಧವೆಯು ಅದೇ ರೋಗದಿಂದ ಸತ್ತಳು. ವಿಚಾರಿಸಲಾಗಿ, ಹಿಂದೆ ಬ್ರಾಡ್ ಸ್ಟ್ರೀಟಿನಲ್ಲಿದ್ದ ಆಕೆಗೆ ಆ ಪಂಪಿನ ನೀರಿನ ರುಚಿಯೇ ಮೆಚ್ಚಿಗೆಯಾಗಿದ್ದು, ದಿನಾಲೂ ಗಾಡಿಯ ಮೇಲೆ ಅದನ್ನು ತರಿಸಿಕೊಳ್ಳುತ್ತಿದ್ದಳೆಂದು ತಿಳಿಯಿತು. ಆಕೆಯ ಮನೆಗೆ ಬಂದು ಆ ನೀರನ್ನು ಕುಡಿದ ಬಂಧುವಾದ ಇನ್ನೊಬ್ಬ ಹೆಣ್ಣುಮಗಳೂ ಉಳಿಯಲಿಲ್ಲ. ರುಚಿಯನ್ನು ಅರಸಿ ದೂರದಿಂದ ನೀರು ತರಿಸುವವರು ನಮ್ಮಲ್ಲಿಯೂ ಇದ್ದಾರೆ.

2019ರ ಆಗಸ್ಟಿನಲ್ಲಿ ಘಟಪ್ರಭೆ, ಮಾರ್ಕಂಡೇಯ ಹೊಳೆಗಳು ಉಕ್ಕಿ ಗೋಕಾಕಕ್ಕೆ ನುಗ್ಗಿದುದನ್ನು ಯಾರೂ ಮರೆತಿಲ್ಲ. ನೆರೆಯ ನೀರು ಹೊಕ್ಕ ಬಾವಿಯು ತಿಳಿಯಾದ ಮಾತ್ರಕ್ಕೆ ಶುದ್ಧವಾಯಿತೆಂದು ಎಣಿಸಬಾರದು. ಅದಕ್ಕೆ ಬ್ಲೀಚಿಂಗ್ ಪುಡಿಯನ್ನು ಹಾಕುವ ಲೆಕ್ಕವು ಹೀಗಿದೆ. ಸಾಧಾರಣ ನೀರಿನ 1,000 ಲೀಟರಿಗೆ ಒಳ್ಳೆಯ ಪುಡಿಯು 2.5 ಗ್ರಾಂ ಬೇಕು. ಬಾವಿಯ ಅಗಲವು 3 ಮೀಟರು, ನೀರಿನ ಆಳವು 4 ಮೀಟರು ಇದ್ದರೆ ನೀರು ಸುಮಾರು 28,000 ಲೀಟರು. ಪುಡಿಯು ಸುಮಾರು 70 ಗ್ರಾಂ. ಪುಡಿಯನ್ನು ಬಕೆಟ್ಟಿನ ನೀರಿನಲ್ಲಿ ಕಲಸಿ, ಗಸಿಯನ್ನು ನಿಲ್ಲಗೊಟ್ಟು, ತಿಳಿಯನ್ನು ಮಾತ್ರ ಬಾವಿಯೊಳಗೆ ಇಳಿಸಿ ಚೆನ್ನಾಗಿ ಕದಡಬೇಕು. ಗಸಿಯನ್ನು ಹಾಕಿದರೆ ಮತ್ತೆ ಸುಣ್ಣವೇ ಬಾವಿಗೆ ಸೇರುವದು. ಒಂದು ತಾಸು ಯಾರೂ ನೀರು ಸೇದಕೂಡದು. ನೆರೆಯ ಕೊಳೆ ಬಹಳವಾಗಿದ್ದರೆ ಈ ಪ್ರಮಾಣವು ಸಾಲದು. ಆಗ ಆರೋಗ್ಯ ಇಲಾಖೆಯವರಿಂದ ಅಳತೆ ಮಾಡಿಸಿಯೇ ಹಾಕಬೇಕು.

ಈಚಿನ ವರ್ಷಗಳಲ್ಲಿ ಊರೂರಿಗೆ ಶುದ್ಧ ನೀರಿನ ಘಟಕಗಳಾಗಿವೆ. ಅವುಗಳ ಒಳಗಿನ ಪೊರೆಯು ಸುಸ್ಥಿತಿಯಲ್ಲಿದ್ದರೆ ಗಡಸುತನವನ್ನೂ ಫ್ಲೋರೈಡನ್ನೂ ನೈಟ್ರೇಟನ್ನೂ ಬಹುಮಟ್ಟಿಗೆ ತಡೆಯುವದು. ಪೊರೆಯು ಹಳತಾದರೆ ಏನು ದಾಟಿ ಬಂದಿತೆಂದು ಕೊಡಕ್ಕೆ ತಿಳಿಯದು. ಅರಿವೆಯಲ್ಲಿ ಸೋಸುವದರಿಂದಲೂ ಮೇಣಬತ್ತಿಯಂಥ ಸೋಸುಕವುಳ್ಳ ಪಾತ್ರೆಯಿಂದಲೂ ಕರಗಿದ ಯಾವ ಲವಣವೂ ಹೋಗದು. ಆದುದರಿಂದ ಪರೀಕ್ಷೆಯನ್ನು ಮಾಡಿಸಲೇಬೇಕಾಗುವದು. 2019ರಲ್ಲಿ ಆರಂಭವಾದ ಜಲ ಜೀವನ ಯೋಜನೆಯಲ್ಲಿ ಪ್ರತಿ ಹಳ್ಳಿಯ ಐವರು ಹೆಂಗಸರಿಗೆ ನೀರಿನ ಪರೀಕ್ಷೆಯ ಪೆಟ್ಟಿಗೆಯನ್ನು ಬಳಸಲು ಕಲಿಸಬೇಕೆಂಬ ಏರ್ಪಾಡಿದೆ. ಶಾಲೆಯಲ್ಲಿ ರಸಾಯನಶಾಸ್ತ್ರವನ್ನು ಓದಿದ ನಮ್ಮ ಹುಡುಗಿಯರಿಗೆ ಇದಕ್ಕಿಂತ ತಕ್ಕ ಕೆಲಸವನ್ನು ನಾವು ಕಾಣೆವು.

ಪ್ರಯೋಗಶಾಲೆಗೆ ನೀರು ಕಳಿಸುವವರು ಒಂದು ಲೀಟರಿನ ಸ್ವಚ್ಛವಾದ ಬಾಟಲಿಯನ್ನು ಅದೇ ನೀರಿನಿಂದ ಎರಡು ಮೂರು ಸಲ ಗಲಬರಿಸಿ, ಬೋರಾದರೆ ಕೆಲವು ನಿಮಿಷ ನೀರನ್ನು ಹರಿಯಬಿಟ್ಟು, ಕಂಠಮಟ ತುಂಬಬೇಕು. ಊರು, ತಾರೀಖು, ಬಾವಿಯ ಆಳಗಳನ್ನು ಬರೆದು ಅಂಟಿಸಬೇಕು. ರೋಗಾಣುಗಳ ಪರೀಕ್ಷೆಗೆ ಪ್ರಯೋಗಶಾಲೆಯವರೇ ಕೊಡುವ ಬಾಟಲಿಯು ಬೇಕು. ಅದನ್ನು ಗಲಬರಿಸಬಾರದು, ತಂಪಿನಲ್ಲಿಟ್ಟು ಅದೇ ದಿನ ಮುಟ್ಟಿಸಬೇಕು. ಬೇಸಿಗೆಯ ಕೊನೆಗೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ ಮಾಡಿಸಿದರೆ ಒಳಿತು. ಒಂದೇ ಬಾವಿಯ ನೀರು ಎರಡು ಕಾಲದಲ್ಲಿ ಎರಡು ಬಗೆಯಾಗಿರುವದುಂಟು.

ಒಂದು ಮನೆಯ ಎರಡು ಬಾವಿಗಳ ವರದಿಯು ಬಂದಿತೆನ್ನಿ. ಒಂದರ ಗಡಸುತನವು 500, ನೈಟ್ರೇಟು 20. ಇನ್ನೊಂದರ ಗಡಸುತನವು 90, ನೈಟ್ರೇಟು 80. ಎರಡರಲ್ಲಿಯೂ ಉಳಿದವೆಲ್ಲ ಮಿತಿಯೊಳಗಿವೆ, ರೋಗಾಣುಗಳಿಲ್ಲ. ಬೇಳೆಯನ್ನು ಕೇಳಿದರೆ ಎರಡನೆಯದನ್ನೇ ಆರಿಸುವದು. ಕೂಸಿರುವ ಮನೆಯವರು ಮೊದಲನೆಯದನ್ನು ಕುಡಿಯಲಿಕ್ಕೆ ಇಟ್ಟುಕೊಂಡು, ಎರಡನೆಯದರಲ್ಲಿ ಬಟ್ಟೆ ಒಗೆಯಬೇಕು.